ಗ್ರೋತ್

ಗಾಂಧಿ ಬಜಾರಿನಲ್ಲಿ ಹಸಿರು ಬಳೆ ಕಂಡರೆ ಇವತ್ತಿಗೂ ನನಗೆ ಬಾಯಿ ಕಹಿಯಾಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಚಿಕ್ಕಪ್ಪ ಚಿಕ್ಕಮ್ಮನನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಿಕೊಂಡು ಭದ್ರಾವತಿಯ ಕ್ವಾರ್ಟರ್ಸ್‌ಗೆ ಮರಳಿದ.

"ಏನಂದ್ರು?" ಎಂದು ಅಜ್ಜಿ ಕೇಳಿದಳು.

"ಗರ್ಭಕೋಶದಲ್ಲಿ ಗ್ರೋತ್ ಇದೆಯಂತೆ."

"ಹಂಗಂದ್ರೆ?"

"ಬೆಳವಣಿಗೆ," ಎಂದ ಚಿಕ್ಕಪ್ಪ, ತಲೆ ಎತ್ತದೆ.

ಮದುವೆಯಾದಾಗಿನಿಂದ ಸೊಸೆಯನ್ನು ಬಂಜೆ ಎಂದೇ ಕರೆಯುತ್ತಿದ್ದ ಅಜ್ಜಿಯ ಮುಖ ಅರಳಿತು. ಪೆಟ್ಟಿಗೆಯಿಂದ ಹಸಿರು ಬಳೆ ತೆಗೆದು, ಸೋಪಿನ ನೀರು ಹಚ್ಚಿ, ತಾನೇ ಚಿಕ್ಕಮ್ಮನ ಎಡಗೈಗೆ ನಯವಾಗಿ ಏರಿಸಿದಳು.

"ಇನ್ಮೇಲೆ ಕೊಡ ಎತ್ಬೇಡ ಮಾರಾಯ್ತಿ."

ಬಲಗೈಗೆ ಬಳೆ ತರಲು ಅಜ್ಜಿ ಒಳಗೆ ಹೋದಳು.

"ಅದು ಗಡ್ಡೆ ಅಂತ ಹೇಳ್ಬಿಡ್ತೀನಿ," ಎಂದ ಚಿಕ್ಕಪ್ಪ.

ಚಿಕ್ಕಮ್ಮ ಎಡಗೈಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿಕೊಂಡಳು.

"ಈ ಕೈಗೂ ಹಾಕ್ಲಿ. ಆಮೇಲೆ ಹೇಳಿ."