ಮಗ್ಗದ ಮನೆಯ ಮಾತು

"ಆಗಲ್ಲ ಸಾರ್," ಎಂದಳು ಅಕ್ಷತ, ದನಿ ತಗ್ಗಿಸಿ. ಲ್ಯಾಪ್‌ಟಾಪಿನಲ್ಲಿ ಮ್ಯಾನೇಜರ್ ಹರಿಪ್ರಸಾದರ ಮುಖ ಸಪ್ಪಗಾಯಿತು. ದೊಡ್ಡಬಳ್ಳಾಪುರದ ಮನೆಯಲ್ಲೇ ಕೂತು ನಾಲ್ಕು ವರ್ಷದಿಂದ ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುತ್ತಿದ್ದವಳಿಗೆ ಟೀಮ್ ಲೀಡ್ ಆಗುವ ಯೋಗ ಕೂಡಿಬಂದಿತ್ತು. ಅದಕ್ಕೆ ಅವಳು ಎಷ್ಟು ಆಸೆಪಟ್ಟಿದ್ದಳೆಂದರೆ, ಹೊಸ ಹುದ್ದೆಯನ್ನು ತನ್ನ ಹೆಸರಿನ ಕೆಳಗೆ ಟೈಪ್ ಮಾಡಿ, ಕಣ್ತುಂಬ ನೋಡಿ, ಆಮೇಲೆ ಅಳಿಸಿದ್ದಳು. ಆದರೆ ವಾರಕ್ಕೆ ಎರಡು ದಿನ ಆಫೀಸಿಗೆ ಹೋಗಬೇಕು. ಬೆಳಿಗ್ಗೆ ರೈಲು ಹತ್ತಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆಯೇ.

"ಮನೇಲಿ ಅಪ್ಪ ಒಬ್ರೇ ಇರ್ತಾರೆ ಸಾರ್. ಕುಕ್ಕರ್ ಕೂಗಿದ್ರೂ ಕೇಳಿಸಲ್ಲ. ಹೋದ ತಿಂಗಳು ಬೇಳೆ ಸೀದು ಮನೆಯೆಲ್ಲಾ ಹೊಗೆ. ಹೇಗೆ ಬಿಟ್ಟು ಬರ್ಲಿ?"

ಆ ಅಪ್ಪ, ಪಿಳ್ಳಣ್ಣ, ಎರಡು ಮಾರು ದೂರದಲ್ಲಿ ಹೊಸ್ತಿಲ ಬಳಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ. ನಲವತ್ತು ವರ್ಷ ಪವರ್‌ಲೂಮ್ ಮಗ್ಗಗಳ ನಡುವೆ ನಿಂತವನ ಕಿವಿಯನ್ನು ಮಗ್ಗಗಳೇ ತಿಂದುಹಾಕಿದ್ದವು. ಮಗಳು ತಂದುಕೊಟ್ಟ ಕಿವಿಯ ಮಷೀನು ಡಬ್ಬಿ ಬಿಟ್ಟು ಹೊರಗೆ ಬಂದದ್ದು ಎರಡೇ ಸಲ. ಅವನಿಗೆ ಏನಾದರೂ ಹೇಳಬೇಕಾದರೆ ಅವಳು ಕಿರುಚಿಯೇ ಹೇಳುವುದು. ಗೋಡೆಗೂ ಕಿವಿ ಇರುತ್ತದಂತೆ. ಪಿಳ್ಳಣ್ಣನಿಗೆ ಮಾತ್ರ ಇಲ್ಲ ಎಂಬ ಧೈರ್ಯದಲ್ಲಿ ಉಳಿದದ್ದನ್ನೆಲ್ಲ ಅವನ ಎದುರಿಗೇ ಮೆಲ್ಲಗೆ ಆಡುತ್ತಿದ್ದಳು. ಈಗ ಅವನ ಕೈ ಒಂದು ಕಾಯಿಯ ಮೇಲೆ ಗಕ್ಕನೆ ನಿಂತಿತು. ಹುಳು ಕಂಡಿರಬೇಕು ಎಂದುಕೊಂಡಳು.

ಒಂದು ಗಂಟೆಗೆ ಲೀಡ್ ಹುದ್ದೆಗೆ ಯಾರದಾದರೂ ಹೆಸರು ತಾನು ಕಳಿಸಬೇಕು, ಅಷ್ಟರೊಳಗೆ ಮನಸ್ಸು ಬದಲಾದರೆ ಮೆಸೇಜ್ ಹಾಕಿ ಎಂದು ಹೇಳಿ ಹರಿಪ್ರಸಾದ್ ಮಾತು ಮುಗಿಸಿದರು. ಹಿಂದೆಯೇ ಹನ್ನೆರಡೂವರೆಯ ಮೀಟಿಂಗು. ಅದರಲ್ಲಿ ಮಾತಾಡುವವರು ಇಬ್ಬರು, ಮೈಕ್ ಆಫ್ ಮಾಡಿ ಕೂರುವವರು ಹನ್ನೊಂದು ಜನ. ಆ ಹನ್ನೊಂದರಲ್ಲಿ ಒಬ್ಬಳಾಗಿ ಕೂತಿದ್ದಾಗ ಅಪ್ಪ ಎದ್ದು ಎದುರಿನ ಅಡುಗೆಮನೆಗೆ ಹೋದದ್ದು ಕಂಡಿತು. ಸುಲಿದ ಕಾಳನ್ನು ತೊಳೆದು ಕುಕ್ಕರಿಗೆ ಹಾಕಿದ, ಒಲೆ ಹಚ್ಚಿದ. ಅವಳು ಕುರ್ಚಿಯಿಂದ ಅರ್ಧ ಎದ್ದಳು. ಅವನು ಮಾತ್ರ ಕಲ್ಲಿನ ಕಟ್ಟೆಯ ಮೇಲೆ ಅಂಗೈ ಊರಿ, ಕುಕ್ಕರಿನ ತಲೆಯನ್ನೇ ನೋಡುತ್ತಾ ನಿಂತ. ಹಿಂದೆ ಮಗ್ಗದ ಮೈಮೇಲೆ ಕೈಯಿಟ್ಟು ಅದರ ಕಾಯಿಲೆ ಹೇಳುತ್ತಿದ್ದದ್ದೂ ಹೀಗೆಯೇ. ಒಂದು ಕೂಗು ಬಂತು. ಇನ್ನೊಂದು ಕೈಯ ಕಿರುಬೆರಳು ಮಡಿಸಿದ. ಎರಡನೆಯದಕ್ಕೆ ಉಂಗುರದ ಬೆರಳು. ಮೂರನೆಯದಕ್ಕೆ ಒಲೆ ಆರಿಸಿ ಮಗಳ ಕಡೆ ತಿರುಗಿದ.

"ಹೋದ ತಿಂಗಳು ಸೀದಿದ್ದು ನಿದ್ದೆಗೆ ಕಣಮ್ಮ, ಕಿವಿಗಲ್ಲ," ಎಂದ.

ಅಕ್ಷತಳಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣ ಮುಂದೆ ನಿಂತದ್ದು ಇದೇ ಕೋಣೆ. ಅವಳ ಮೇಜು ಇರುವ ಜಾಗದಲ್ಲಿ ಆಗ ಅಮ್ಮ ಮಾರಕ್ಕನ ಮಗ್ಗವಿತ್ತು. ಬೋಲ್ಟಿನ ತೂತುಗಳು ಇನ್ನೂ ನೆಲದಲ್ಲಿವೆ. ಅಮ್ಮನದು ಎರಡು, ಅಪ್ಪನದು ಎರಡು. ನಾಲ್ಕೂ ಓಡುವಾಗ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳದು. ಹಾಗಾಗಿ ಮಗ್ಗದ ಮನೆಯಲ್ಲಿ ಯಾರೂ ದನಿ ತೆಗೆಯುತ್ತಲೇ ಇರಲಿಲ್ಲ. ಬರೀ ತುಟಿ ಆಡಿಸುತ್ತಿದ್ದರು, ಕೈ ಆಡಿಸುತ್ತಿದ್ದರು, ಎದುರಿನವರು ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಜಗಳ, ರಾಜಿ, ಬೀದಿಯ ಸುದ್ದಿ, ಎಲ್ಲವೂ ಹಾಗೇ. ಶಾಲೆ ಬಿಟ್ಟು ಹಸಿದು ಬಂದ ಅಕ್ಷತ ಹೊಸ್ತಿಲಲ್ಲಿ ನಿಂತರೆ ಅಮ್ಮ ಅಪ್ಪನ ಕಡೆ ನೋಡುವಳು. ಅಪ್ಪ ಎದೆ ತಟ್ಟಿಕೊಂಡು, ಎರಡು ಬೆರಳಿನಿಂದ ಕಣ್ಣು ತೋರಿಸಿ, ಅಂಗೈಯನ್ನು ಬಾಗಿಲ ಕಡೆ ತಳ್ಳುವನು: ನಾನು ನೋಡ್ಕೋತೀನಿ, ನೀನು ಹೋಗು. ಅಮ್ಮ ತನ್ನ ಮಗ್ಗಗಳತ್ತ ತಿರುಗಿಯೂ ನೋಡದೆ ಬಂದುಬಿಡುತ್ತಿದ್ದಳು. ತಲೆಕೂದಲ ಮೇಲೆ ನೂಲಿನ ಧೂಳು, ಕೈಯಲ್ಲಿ ಬಿಸಿ ರಾಗಿರೊಟ್ಟಿ. ಅಷ್ಟು ಸದ್ದಿನ ನಡುವೆ ಆ ಮನೆ ಎಷ್ಟು ನೆಮ್ಮದಿಯಾಗಿತ್ತು. ಆಮೇಲೆ ಅಮ್ಮ ಹೋದಳು, ಮಗ್ಗಗಳೂ ಹೋದವು, ಆ ಮಾತೂ ಮರೆತೇ ಹೋಯಿತು.

ಮರೆತದ್ದು ಅವಳು ಮಾತ್ರ. ಮಗಳು ಕಿರುಚುವಾಗಲೆಲ್ಲ ಅಪ್ಪನಿಗೆ ಮಾತು ತಿಳಿಸುತ್ತಿದ್ದದ್ದು ಅವಳ ದನಿಯಲ್ಲ, ಅಗಲವಾಗಿ ತೆರೆದ ಬಾಯಿ. ನಾಲ್ಕು ವರ್ಷ ಅವನೆದುರು ಮೆಲ್ಲಗೆ ಆಡಿದ್ದೆಲ್ಲ ಈಗ ಒಂದೊಂದಾಗಿ ನೆನಪಾಯಿತು. ದೀಪಾವಳಿ ಹೊತ್ತಿನಲ್ಲಿ ಗೆಳತಿಗೆ ಫೋನಿನಲ್ಲಿ ಹೇಳಿದ್ದಳು, ಅಪ್ಪ ಇರೋದ್ರಿಂದ ಕೈಕಾಲು ಕಟ್ಟಿಹಾಕಿದ ಹಾಗಾಗಿದೆ ಕಣೇ ಎಂದು. ಅವತ್ತೂ ಅವನು ಅಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಸುಲಿದು ಒಂದು ಹಿಡಿ ಅವಳ ಮೇಜಿನ ಮೇಲೂ ಇಟ್ಟಿದ್ದ. ಮೀಟಿಂಗಿನಲ್ಲಿ ಯಾರೋ ಏನೋ ಹೇಳುತ್ತಲೇ ಇದ್ದರು. ಅವಳು ಅಪ್ಪನ ಕಡೆ ತಿರುಗಿ, ದನಿ ತೆಗೆಯದೆ ಬರೀ ತುಟಿಯಲ್ಲಿ ಕೇಳಿದಳು: "ಎಲ್ಲಾ ಗೊತ್ತಾಗ್ತಿತ್ತಾ ಅಪ್ಪಾ ನಿಂಗೆ?"

"ಇಂಗ್ಲೀಷು ಗೊತ್ತಾಗಲ್ಲ," ಎಂದ ಪಿಳ್ಳಣ್ಣ, ತಪ್ಪು ತನ್ನದೇ ಎನ್ನುವಂತೆ.

ಒಂದು ಗಂಟೆಗೆ ಇನ್ನು ಹತ್ತು ನಿಮಿಷವಿತ್ತು. ಅವನು ಬಂದು ಹೊಸ್ತಿಲಲ್ಲಿ ನಿಂತ. ಎದೆ ತಟ್ಟಿಕೊಂಡ, ಎರಡು ಬೆರಳಿನಿಂದ ಕಣ್ಣು ತೋರಿಸಿದ, ಅಂಗೈಯನ್ನು ಬೀದಿ ಬಾಗಿಲ ಕಡೆ ತಳ್ಳಿದ. ಮೆಸೇಜ್ ಬರೆಯಲು ಅಕ್ಷತಳ ಬೆರಳುಗಳು ಕೀಬೋರ್ಡಿನ ಮೇಲೆ ಬಂದವು, ಕಣ್ಣು ಮಾತ್ರ ಮತ್ತೆ ಒಲೆಯ ಕಡೆಗೇ ಹೋಯಿತು.

"ಅದನ್ನೇನ್ ತಿರುಗಿ ನೋಡ್ತೀಯ," ಎಂದ ಅಪ್ಪ. "ನಿಮ್ಮಮ್ಮ ನೋಡ್ತಿರ್ಲಿಲ್ಲ."