ತಕ್ಕಡಿಯ ಗೆರೆ

ವಸಂತಾಮಣಿಯ ಗಂಡನ ಉತ್ತರಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ ಪಕ್ಕದ ಮಗ್ಗದ ಲಿಂಗಸಾಮಿ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು. “ಸೋಮನೂರಿಂದ ನೂಲು ಬಂದೈತೆ ಕಣಮ್ಮ. ನಿನ್ ಗಂಡ ನಮ್ಮನೆಯಿಂದ ತಂದಿದ್ದ ತಕ್ಕಡಿ ಬೇಕಿತ್ತು, ತೂಗೋಕೆ. ಅವಸರ ಒಂದೂ ಇಲ್ಲ.”

ಸ್ಪರ್ಧೆಗೆಂದು ಗಂಡ ಕಟ್ಟುತ್ತಿದ್ದ ರೇಡಿಯೋದಿಂದ ನಡೆಸುವ ಪುಟ್ಟ ಗ್ಲೈಡರ್ ವಿಮಾನದ ರೆಕ್ಕೆಯ ಕೊನೆಯ ಮರದ ಪಟ್ಟಿ ತಕ್ಕಡಿಯ ತಟ್ಟೆಯಲ್ಲೇ ಇತ್ತು. ಬ್ಯಾಟರಿ ಭಾರ, ಬಿಸಿಗಾಳಿ ಅದನ್ನು ಮೇಲೆತ್ತಬೇಕಾದರೆ ರೆಕ್ಕೆ ಹಗುರಾಗಬೇಕು ಎನ್ನುತ್ತಿದ್ದ. ತಕ್ಕಡಿಯ ಗಾಜಿನ ಮೇಲೆ ತಾನೆಳೆದ ಶಾಯಿಗೆರೆಗೆ ಮುಳ್ಳು ಇಳಿಯುವವರೆಗೆ ಪ್ರತಿ ಪಟ್ಟಿಯನ್ನೂ ಉಜ್ಜುತ್ತಿದ್ದ. ಈಗ ಮುಳ್ಳು ಗೆರೆಯನ್ನು ಕೂದಲೆಳೆಯಷ್ಟು ದಾಟಿ ನಿಂತಿತ್ತು.

ವಸಂತಾಮಣಿ ಮರಳುಕಾಗದ ತೆಗೆದುಕೊಂಡು ಉಜ್ಜಿದಳು, ತೂಗಿದಳು, ಮತ್ತೆ ಉಜ್ಜಿದಳು.

“ಇಷ್ಟು ಸಣ್ಣ ಕಡ್ಡೀಲಿ ಏನ್ ಭಾರ ಕಣಮ್ಮ?”

“ಐತೆ ಮಾಮಾ.”

ಮುಳ್ಳು ಗೆರೆಗೆ ಬಂದು ನಿಂತಿತು. ಪಟ್ಟಿಯನ್ನು ರೆಕ್ಕೆಯ ಖಾಲಿ ಜಾಗದಲ್ಲಿ ಕೂರಿಸಿದಳು. ಸೆರಗಿನಿಂದ ಗಾಜಿನ ಗೆರೆ ಒರೆಸಿ, ತಕ್ಕಡಿಯನ್ನು ಅವರ ಕೈಗಿತ್ತಳು.