ಬಾಗಿಲ ಮೇಲಿನ ನಂಬರು

ಸುಮಾಳ ವೈರು ಸಿಕ್ಕಿಸಿದ ಕೂಡಲೇ ಶುಭದಾಳ ಫ್ಯಾನು ಕಂಪ್ಯೂಟರಿನ ಮಾತು ಕೇಳದಾಯಿತು. ಆ ವೈರು ಕಿತ್ತರೆ ಫ್ಯಾನು ತಿರುಗುತ್ತಿತ್ತು. ಶುಭದಾಳ ವೈರು ಕಿತ್ತರೆ ಸುಮಾಳ ಬಲ್ಬು ಹೊತ್ತುತ್ತಿತ್ತು. ಎರಡೂ ಕೂಡಿ ಮಾತ್ರ ನಡೆಯಲೊಲ್ಲವು. ೨೦೦೭ರ ಜೂನ್, ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜು, ಕೊನೆಯ ವರ್ಷದ ಪ್ರಾಜೆಕ್ಟ್ ಪರೀಕ್ಷೆ. ಹೊರಗಿನಿಂದ ಬಂದಿದ್ದ ಪರೀಕ್ಷಕ ಮಧುಸೂದನ ಕನ್ನಡಕವನ್ನು ಹಣೆಗೇರಿಸಿದರು.

ಇಬ್ಬರ ಬೋರ್ಡಿನ ಮೇಲೂ ಉಗುರಿನಷ್ಟು ಅಗಲದ ಒಂದು ಈಥರ್ನೆಟ್ ಚಿಪ್ಪು. ಮನೆಯ ಫ್ಯಾನು, ದೀಪಗಳನ್ನು ಕಂಪ್ಯೂಟರಿನ ಜಾಲಕ್ಕೆ ಜೋಡಿಸುವುದು ಅದರ ಕೆಲಸ. ಆದರೆ ಆ ಚಿಪ್ಪು ಹುಟ್ಟುವಾಗ ವಿಳಾಸ ತಂದಿರುವುದಿಲ್ಲ. ಪ್ರೋಗ್ರಾಮು ಬರೆದವರೇ ಅದಕ್ಕೊಂದು ನಂಬರು ಕೊಡಬೇಕು. ಒಂದರ ನಂಬರು ಇನ್ನೊಂದಕ್ಕೆ ಇರಕೂಡದು.

“ಇಬ್ಬರ ನಂಬರಿನ ಕಡೀ ನಾಕು ಅಂಕಿನೂ ೧೩೬೪,” ಮಧುಸೂದನ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. “ನಂಬರ್ ಸೈತ ಕಾಪಿ ಹೊಡದೀರಿ. ಯಾರು, ಯಾರದು? ಹೇಳಲಿಲ್ಲಂದ್ರ ಇಬ್ರೂ ಫೇಲು.”

ಸುಮಾ ನೆಲ ನೋಡಿದಳು. ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಅವ್ವನ ಜೊತೆ ದವಾಖಾನೆಯಲ್ಲಿ ತಿಂಗಳು ಕಳೆದು ಬಂದಾಗ ಶುಭದಾ ತಾನಾಗಿಯೇ ತನ್ನ ಪ್ರೋಗ್ರಾಮಿನ ಸಿಡಿಯನ್ನು ಕೈಗಿಟ್ಟಿದ್ದಳು.

ಆ ನಂಬರು ಶುಭದಾಳದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುವ ಮೊದಲು, ಅವರ ಹಳೆಯ ಮನೆಯ ಬಾಗಿಲ ಮೇಲೆ ಸರಕಾರದವರು ಮುಳುಗಡೆಯ ಲೆಕ್ಕಕ್ಕೆಂದು ಕೆಂಪು ಬಣ್ಣದಲ್ಲಿ ಬರೆದುಹೋದದ್ದು. ಅಷ್ಟು ಹೇಳಿದರೆ ಅವಳು ಪಾರು, ಸುಮಾ ಫೇಲು.

“ನಮ್ಮ ಹಳೇ ಮನಿ ನಂಬರ್ ರೀ ಸರ್,” ಶುಭದಾ ಅಂದಳು. “ಅಲ್ಲೇ ಕೂತು ಇಬ್ಬರೂ ಕೂಡಿ ಬರದೇವ್ರಿ.”

“ಎಲ್ಲಿ ಅದ ಆ ಮನಿ?”

“ಹಳೇ ಊರಾಗ್ರಿ. ಹೊಳಿ ಕಡೆ ಓಣಿ.”

“ಆ ಓಣಿ ಮುಳುಗಿ ಐದು ವರ್ಷ ಆತು. ನಮ್ಮ ಅಕ್ಕನ ಮನೀನೂ ಅಲ್ಲೇ ಇತ್ತು. ಇಬ್ಬರೂ ಮೀನಾಗಿ ಕೂತು ಬರದ್ರೇನು?”

ಹಿಂದೆ ಯಾರೋ ನಕ್ಕರು. ಸುಮಾ ತಲೆ ಎತ್ತಿದಳು.

“ಕಾಪಿ ಮಾಡಿದಾಕಿ ನಾನ ರೀ ಸರ್. ಅಕಿ ನನ್ನ ಸಲುವಾಗಿ ಸುಳ್ಳ ಹೇಳಾಕತ್ತಾಳ.”

ಮಧುಸೂದನ ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು. “ಸುಳ್ಳಿಗೆ ಅಕೀದು ಐದು ಮಾರ್ಕ್ ಕಟ್. ನೀ ಪ್ರೋಗ್ರಾಮಿನ ಸಾಲು ಸಾಲಿಗೂ ಅರ್ಥಾ ಹೇಳು. ಒಂದು ತಪ್ಪಿದ್ರೂ ಮುಂದಿನ ವರ್ಷ ಬಾ.”

ಮುಕ್ಕಾಲು ಗಂಟೆ ಸುಮಾ ಹೇಳಿದಳು. ಅವಳ ಗಂಟಲು ಒಣಗಿದಾಗ ಅವರು ತಮ್ಮ ನೀರಿನ ಲೋಟವನ್ನೇ ಅವಳತ್ತ ಸರಿಸಿದರು. ಪ್ರಶ್ನೆಗಳನ್ನು ಮಾತ್ರ ಸಡಿಲಿಸಲಿಲ್ಲ. ಅವಳು ಎಲ್ಲೂ ತಪ್ಪಲಿಲ್ಲ. ಕೊನೆಗೆ ೧೩೬೪ರ ಸಾಲೊಂದು ಉಳಿಯಿತು.

“ಇದು ಏನಂತ ನಂಗ ಇವತ್ತ ಗೊತ್ತಾತ್ರಿ.”

“ಹಂಗಾರ ಅಳಿಸಿ ನಿಂದು ಬರಿ. ಎರಡೂ ಕೂಡಿ ನಡದ್ರ ಪಾಸು.”

ಸುಮಾಳ ಬೆರಳು ಕೀಲಿಯ ಮೇಲೆ ನಿಂತಿತು. ಅವಳು ಶುಭದಾಳತ್ತ ತಿರುಗಿದಳು. “ಅಳಸ್ಲೇನ?”

“ಅಳಸು. ಆ ಮನೀಗೆ ರೂಢಿ ಅದ.”

ಹೊಸ ನಂಬರು ಬೋರ್ಡಿಗೆ ಹೋಯಿತು. ಬಲ್ಬು ಹೊತ್ತಿತು. ಅದರ ಪಕ್ಕದಲ್ಲೇ, ಐದು ವರ್ಷ ನೀರಿನಲ್ಲಿದ್ದ ಮನೆಯ ನಂಬರಿನ ಫ್ಯಾನು ಗಾಳಿ ಬೀಸತೊಡಗಿತು. ಅಂಕಪಟ್ಟಿ ಹಾರದಂತೆ ಮಧುಸೂದನ ಖಾಲಿ ಲೋಟವನ್ನು ಅದರ ಮೇಲಿಟ್ಟರು.